ಕಡತ ಸಾಹೇಬರದು, ದಂಡ ಶಿರಸ್ತೇದಾರರದು

ಮಾಹಿತಿ ಹಕ್ಕು ಕಾಯ್ದೆ ಸೊರಗಿತೆಂದು ಮರುಗುವವರೆಲ್ಲ ಬೆರಳು ತೋರುವುದು ಆಯೋಗದ ಕಡೆಗೆ. ಖಾಲಿ ಬಿದ್ದ ಹುದ್ದೆಗಳು, ಬಾಕಿ ಉಳಿದ ಮೇಲ್ಮನವಿಗಳು, ಆಯುಕ್ತರ ಅವಧಿ-ಸಂಬಳವನ್ನು ಕೇಂದ್ರದ ಕೈಗಿತ್ತ 2019ರ ತಿದ್ದುಪಡಿ. ದೂರುಗಳೆಲ್ಲ ನಿಜವೇ. ಆದರೆ 2005ರಲ್ಲಿ ಹುಟ್ಟುವಾಗಲೇ ಈ ಕಾಯ್ದೆ ಕಚೇರಿಯೊಳಗಿನ ಹೊಣೆಯನ್ನು ತಪ್ಪು ಹೆಗಲಿಗೆ ಹೊರಿಸಿತ್ತು. ಅದನ್ನು ಮಾತ್ರ ನಾವು ಇಂದಿಗೂ ಮಾದರಿ ಎಂದು ಹೊಗಳುತ್ತಿದ್ದೇವೆ.

5ನೇ ಸೆಕ್ಷನ್ ಓದಿ. ಸಾರ್ವಜನಿಕ ಮಾಹಿತಿ ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. ಅವರ ದರ್ಜೆ ಏನಿರಬೇಕು ಎನ್ನುವುದಿಲ್ಲ. ಹೇಳದೆ ಬಿಟ್ಟಲ್ಲಿ ಸರ್ಕಾರಿ ಕೆಲಸ ಕೆಳಕ್ಕೇ ಹರಿಯುತ್ತದೆ. ತಾಲ್ಲೂಕು ಕಚೇರಿಯ ಶಿರಸ್ತೇದಾರರಂಥವರು ಮಾಹಿತಿ ಅಧಿಕಾರಿಗಳಾಗುತ್ತಾರೆ. ಕಡತ ಮೇಲಿನವರ ಮೇಜಿನಲ್ಲಿ. ವಿಳಂಬಕ್ಕೆ ದಿನಕ್ಕೆ 250ರಂತೆ 25,000 ರೂಪಾಯಿವರೆಗಿನ ದಂಡ ಇವರ ಜೇಬಿನಿಂದ.

ಕಾನೂನು ಬಲ್ಲ ಮಿತ್ರರು ಇಲ್ಲಿ 5(5) ಎಂಬ ತುರುಪು ಎಲೆ ಎಸೆಯುತ್ತಾರೆ. ಮಾಹಿತಿ ಅಧಿಕಾರಿ ನೆರವು ಕೋರಿದರೆ ಇತರ ಅಧಿಕಾರಿಗಳು ಕೊಡಲೇಬೇಕು. ಕೊಡದಿದ್ದರೆ ಕಾಯ್ದೆಯ ಕಣ್ಣಿಗೆ ಅವರೇ ಮಾಹಿತಿ ಅಧಿಕಾರಿ. ಓದಲು ಚೆನ್ನಾಗಿದೆ. ಆದರೆ ಆ ಕೋರಿಕೆಯನ್ನು ಬರೆಯುವ ಕೈ ಯಾವುದು? ತಮ್ಮ ವಾರ್ಷಿಕ ಕಾರ್ಯನಿರ್ವಹಣಾ ವರದಿಗೆ ಷರಾ ಬರೆಯುವ ಸಾಹೇಬರಿಗೇ, ನೀವು ಕಡತ ಕೊಟ್ಟಿಲ್ಲ, ದಂಡ ನಿಮ್ಮ ಮೇಲೆ ಬರಲಿದೆ ಎಂದು ಶಿರಸ್ತೇದಾರರು ಟಿಪ್ಪಣಿ ಇಡಬೇಕು. ಕೆಳಗಿನವರ ಧೈರ್ಯವನ್ನೇ ನಂಬಿ ಕೂತ ಕಲಮಿಗೆ ರಕ್ಷಣೆ ಎನ್ನುವುದು ಹೇಗೆ? ಕೋರಿಕೆ ಬಾಯಿಮಾತಿನಲ್ಲೇ ಮುಗಿಯುತ್ತದೆ. ಬಾಯಿಮಾತಿಗೆ ಆಯೋಗದಲ್ಲಿ ಸಾಕ್ಷಿ ಇರುವುದಿಲ್ಲ. ಇನ್ನು ಮೊದಲ ಮೇಲ್ಮನವಿ ಕೇಳುವವರು ಯಾರು? ಅದೇ ಕಚೇರಿಯ ಮೇಲಧಿಕಾರಿ. ಕಡತ ತಡೆದವರೇ ಅವರಾಗಿದ್ದರೂ ಆಶ್ಚರ್ಯವಿಲ್ಲ. ಅವರು ಗಡುವು ಮೀರಿದರೂ ದಂಡ ವಿಧಿಸುವ 20ನೇ ಸೆಕ್ಷನ್ ಅವರನ್ನು ಮುಟ್ಟುವುದಿಲ್ಲ.

ಯಾರೂ ಕೇಳದೆಯೇ ಪ್ರಕಟಿಸಬೇಕಾದ 4(1)(ಬಿ) ಮಾಹಿತಿಯ ಗತಿಯಂತೂ ಇನ್ನೂ ಕಡೆ. ಆ 17 ಬಾಬುಗಳ ಹೊಣೆ 'ಪ್ರಾಧಿಕಾರ'ದ್ದು, ಅಂದರೆ ಯಾರದೂ ಅಲ್ಲ. ಇದಕ್ಕೆ ಜಂಟಿ ಕಾರ್ಯದರ್ಶಿಗೆ ಕಡಿಮೆಯಿಲ್ಲದ ಅಧಿಕಾರಿ ಬೇಕೆಂದು ಕೇಂದ್ರ ಸಿಬ್ಬಂದಿ ಇಲಾಖೆಗೆ ಹೊಳೆದದ್ದು 2013ರಲ್ಲಿ. ಅದೂ ಬರೀ ಸುತ್ತೋಲೆಯಲ್ಲಿ. ಅಮೆರಿಕದ ಮಾಹಿತಿ ಕಾಯ್ದೆಗೆ ಬಂದ 2007ರ ತಿದ್ದುಪಡಿ ಪ್ರತಿ ಸಂಸ್ಥೆಯಲ್ಲೂ ಸಹಾಯಕ ಕಾರ್ಯದರ್ಶಿ ಮಟ್ಟದ ಮುಖ್ಯ ಮಾಹಿತಿ ಅಧಿಕಾರಿ ಇರಬೇಕೆಂದು ಕಾನೂನಿನಲ್ಲೇ ಬರೆಯಿತು. ಅಲ್ಲಿಯೂ ವಿಳಂಬ ತಪ್ಪಿಲ್ಲ, ಒಪ್ಪೋಣ. ಆದರೆ ಕರೆದು ಕೇಳಲು ಅಲ್ಲೊಬ್ಬ ದೊಡ್ಡ ಅಧಿಕಾರಿ ಇದ್ದಾರೆ.

ಹಿರಿಯ ಅಧಿಕಾರಿಗಳಿಗೆ ಇದಕ್ಕೆಲ್ಲ ಪುರಸೊತ್ತೆಲ್ಲಿ ಎನ್ನುವವರೂ ಇದ್ದಾರೆ. ಆ 25,000 ಒಮ್ಮೆ ಇಲಾಖಾ ಮುಖ್ಯಸ್ಥರ ಸಂಬಳದಲ್ಲಿ ಮುರಿಯಲಿ. ಪುರಸೊತ್ತಿನ ಮಾತು ಆಮೇಲೆ ಆಡೋಣ.