ಬ್ಯಾಡ ಅಂದರೆ ಕೇಳುವ ಮನೆ

ಬುದ್ಧಿಮಾಂದ್ಯರ ವಸತಿಗೃಹಗಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕರಿಹಲಗೆ: ಇಂದಿನ ಊಟದ ದಾನಿಗಳು ಇಂಥವರು, ನಿಮಿತ್ತ ಮಗನ ಹುಟ್ಟುಹಬ್ಬ. ಕೊಲ್ಲಾಪುರದ ಕಡೆಯಿರಲಿ, ಬೆಳಗಾವಿಯ ಕಡೆಯಿರಲಿ, ಪದ್ಧತಿ ಒಂದೇ. ದಾನಿ ಬರುವತನಕ ಅಲ್ಲಿರುವವರು ತಾಟಿನ ಮುಂದೆ ಸಾಲಾಗಿ ಕೂತಿರಬೇಕು. ಬಂದ ಮೇಲೆ ಪ್ರಾರ್ಥನೆ, ಕೇಕು, ಚಪ್ಪಾಳೆ, ಫೋಟೊ. ಆಟಿಸಂ ಇರುವ ಹುಡುಗ ಚಪ್ಪಾಳೆಯ ಸದ್ದಿಗೆ ಕಿವಿ ಮುಚ್ಚಿಕೊಂಡರೆ ನೋಡಿಕೊಳ್ಳುವ ಮಾವಶಿ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾಳೆ. ಅದು ಅವಳ ಕ್ರೌರ್ಯವಲ್ಲ. ದಾನಿ ಮುನಿಸಿಕೊಂಡರೆ ಮುಂದಿನ ವರ್ಷದ ಆ ದಿನದ ಊಟ ಯಾರದು ಎಂಬ ಲೆಕ್ಕ ಸಂಸ್ಥೆಗಿದೆ. ಸಂಸ್ಥೆಯ ಖರ್ಚು ಹೀಗೆ ಸಾಗುತ್ತದೆ, ನಿಜ. ಆದರೆ ಹಸಿದವನು ತನ್ನ ಊಟಕ್ಕೆ ಪರರ ಹುಟ್ಟುಹಬ್ಬ ಕಾಯುವ ಜಾಗವನ್ನು ಮನೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇಂಥ ಜಾಗ ಚೆನ್ನಾಗಿದೆ ಎನ್ನಲು ನಾವು ಏನು ನೋಡುತ್ತೇವೆ? ತೊಳೆದ ನೆಲ, ಹಾಜರಿ ಪುಸ್ತಕ, ಬೆಂಕಿ ಆರಿಸುವ ಸಿಲಿಂಡರು, ಮಂಚಗಳ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿದೆ. ಮಾಡಲೇಬೇಕಿತ್ತು. ಪನವೇಲ ಬಳಿಯ ಕಳಂಬೋಲಿಯ ಮನೆಯೊಂದರಲ್ಲಿ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಮೇಲೆ ನಡೆದ ಅತ್ಯಾಚಾರ 2011ರಲ್ಲಿ ಹೊರಬಂದದ್ದನ್ನು ಮಹಾರಾಷ್ಟ್ರ ಮರೆಯುವಂತಿಲ್ಲ. ಹಾಗೆಂದು ನೋಂದಣಿಯೇ ಕಾವಲು ಎಂದು ನಂಬಿದರೆ ಕೆಟ್ಟೆವು. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ನೋಂದಾಯಿತ ಆಸ್ಪತ್ರೆಯಾಗಿತ್ತು. ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಖರ್ಚಾಗುತ್ತಿತ್ತು. ಅಲ್ಲಿಯ ಹಿರಿಯ ನರ್ಸ್ ಒಬ್ಬರು ದೂರು ಕೊಟ್ಟರೂ ಯಾರೂ ಕಿವಿಗೊಡಲಿಲ್ಲ. ಕಡೆಗೆ 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ಹೊಡೆತ, ಎಳೆದಾಟ, ಅವಮಾನಗಳನ್ನೆಲ್ಲ ತೋರಿಸಿತು. ಹನ್ನೊಂದು ಮಂದಿ ಸಿಬ್ಬಂದಿಗೆ ಶಿಕ್ಷೆಯಾಯಿತು. ಬಡತನವೇ ಎಲ್ಲಕ್ಕೂ ಕಾರಣ ಎನ್ನುವ ನಮ್ಮ ಸಂಸ್ಥೆಗಳ ಹಳೆಯ ನೆಪ ಆ ಕಟ್ಟಡದಲ್ಲಿ ನಡೆಯುವುದಿಲ್ಲ.

ನನ್ನ ಅಳತೆ ಬೇರೆ. ಅಲ್ಲಿರುವವರು ಬೇಡ ಅಂದಾಗ ಏನಾಗುತ್ತದೆ? ಸ್ನಾನ ಬೇಡ, ಈ ಪಲ್ಯ ಬೇಡ, ಇವರ ಪಕ್ಕದಲ್ಲಿ ಮಲಗುವುದು ಬೇಡ, ಈ ಗುಳಿಗೆ ಬೇಡ. ಪ್ರತಿ ಬೇಡವನ್ನೂ ಒಪ್ಪಲಾಗದು. ಫಿಟ್ಸ್ ಇರುವವರಿಗೆ ಗುಳಿಗೆ ತಪ್ಪಿಸುವಂತಿಲ್ಲ. ಆದರೆ ಯಾಕೆ ಬೇಡ ಎಂದು ಒಂದು ನಿಮಿಷ ನಿಂತು ಕೇಳುವವರು ಇದ್ದಾರೆಯೇ? ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪುಣೆ, ಮುಂಬಯಿ, ಬೆಂಗಳೂರು, ಮೈಸೂರು ಸೇರಿ ಆರು ನಗರಗಳ 24 ಆಸ್ಪತ್ರೆ, ವಸತಿಗೃಹಗಳನ್ನು ನೋಡಿ 2014ರಲ್ಲಿ ಕೊಟ್ಟ ವರದಿಯಲ್ಲಿ ಬೋಳಿಸಿದ ತಲೆಗಳಿವೆ, ಬಾಗಿಲಿಲ್ಲದ ಪಾಯಿಖಾನೆಗಳಿವೆ. ಹೇನಾಗುತ್ತದೆ ಎಂದು ತಲೆ ಬೋಳಿಸುವುದು, ಕಣ್ಣಿಡಲು ಅನುಕೂಲ ಎಂದು ಬಾಗಿಲು ತೆಗೆಯುವುದು: ಪ್ರತಿಯೊಂದಕ್ಕೂ ಒಂದು ಕಾರಣ ಸಿದ್ಧವಿರುತ್ತದೆ. ಆ ಕಾರಣ ಯಾವಾಗಲೂ ನೋಡಿಕೊಳ್ಳುವವರ ಅನುಕೂಲದ್ದೇ.

ಈ ತರ್ಕವನ್ನು ಕೊನೆಯ ತನಕ ಎಳೆದರೆ ಎಲ್ಲಿ ಮುಟ್ಟುತ್ತದೆ ಎಂಬುದು 1994ರ ಫೆಬ್ರವರಿಯಲ್ಲಿ ಕಂಡಿತು. ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆತಂದು ಗರ್ಭಕೋಶ ತೆಗೆದರು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳುವುದು ಕಷ್ಟ ಎಂಬುದು ಕಾರಣ. ಮಹಿಳಾ ಸಂಘಟನೆಗಳು ಗದ್ದಲ ಎಬ್ಬಿಸಿದ ಮೇಲೆ ಉಳಿದವರ ಶಸ್ತ್ರಚಿಕಿತ್ಸೆ ನಿಂತಿತು. ತಿಳಿದು ಒಪ್ಪಿಗೆ ಕೊಡದ ಹೊರತು ಅಂಗವಿಕಲರಿಗೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆ ಕೂಡದು ಎಂದು 2016ರ ಕಾಯ್ದೆಯಲ್ಲಿ ಬರೆಯಲು ಮತ್ತೆ 22 ವರ್ಷ ಹಿಡಿಯಿತು.

ಕೊಲ್ಲಾಪುರ ಜಿಲ್ಲೆಯ ಆಜರಾದಂಥ ಗಡಿಸೀಮೆಯಲ್ಲಿ, ಬೇಡ ಎಂಬುದು ಕೇಳಿಸದ ಈ ಸ್ಥಿತಿಗೆ ಭಾಷೆಯ ಇನ್ನೊಂದು ಸುತ್ತು ಸೇರುತ್ತದೆ. ಅಲ್ಲಿಂದ ಗಡಹಿಂಗ್ಲಜ, ಸಂಕೇಶ್ವರದತ್ತ ಸರಿದಂತೆ ಮನೆಮಾತು ಕನ್ನಡವಾಗುವ ಊರುಗಳು ಹೆಚ್ಚುತ್ತವೆ. ಮಾತು ಸಲೀಸಾಗಿ ಬರುವ ಮಕ್ಕಳು ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂದು ಎರಡರಲ್ಲೂ ಈಜುತ್ತಾರೆ. ಇಪ್ಪತ್ತು ಮಾತು ಕಲಿಯಲು ಹತ್ತು ವರ್ಷ ತೆಗೆದುಕೊಂಡ ಮಗುವಿಗೆ ಅದು ಆಗದು. "ಹೊಟ್ಟಿ ಕಡಿಯಾಕತ್ತೈತಿ" ಎಂದು ಅವ್ವನಿಗೆ ಹೇಳಲು ಕಲಿತ ಹುಡುಗಿ ಕೊಲ್ಲಾಪುರದ ಮರಾಠಿ ವಸತಿಶಾಲೆಗೆ ಸೇರಿದಳು ಎನ್ನಿ. ರಾತ್ರಿ ಪಾಳಿಯ ಮಾವಶಿಗೆ ಅದು ಬರೀ ಕೂಗು. ಕೂಗು ಹೆಚ್ಚಾದರೆ ಹಟ ಎಂದಾಗುತ್ತದೆ, ಹಟಕ್ಕೆ ಗದರಿಕೆ, ಕೆಲವು ಕಡೆ ನಿದ್ದೆ ಬರಿಸುವ ಔಷಧ. ಇಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಹುಡುಗಿ ನೋವಿನಲ್ಲಿ ಬೆಳಗು ಮಾಡುತ್ತಾಳೆ. ಸೇರಿಸಿಕೊಳ್ಳುವಾಗ ತಾಯಿಯನ್ನು ಕೂರಿಸಿಕೊಂಡು ಆ ಇಪ್ಪತ್ತು ಮಾತು, ಹತ್ತು ಸನ್ನೆ ಬರೆದುಕೊಂಡು ಮಂಚದ ಹತ್ತಿರ ಅಂಟಿಸಲು ಒಂದು ಹಾಳೆ ಸಾಕು. ಆಧಾರ್, ಅಂಗವಿಕಲರ ಗುರುತಿನ ಯುಡಿಐಡಿ, ಆದಾಯದ ದಾಖಲೆ ಕೇಳುವ ಅರ್ಜಿಗಳಲ್ಲಿ ಈ ಹಾಳೆಗೆ ಜಾಗವಿಲ್ಲದಿರುವುದನ್ನು ನಾನು ಸಣ್ಣ ಲೋಪ ಎನ್ನಲಾರೆ.

ಕೊಲ್ಲಾಪುರಕ್ಕೆ ಒಳ್ಳೆಯ ಮಾದರಿ ಗೊತ್ತಿಲ್ಲವೆಂದಲ್ಲ. ನಸೀಮಾ ಹುರ್ಜುಕ್ 1984ರಲ್ಲಿ ಕಟ್ಟಿದ 'ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್' ದೈಹಿಕ ಅಂಗವಿಕಲರಿಗೆ ವಸತಿ, ಶಾಲೆ, ಕೆಲಸ ಕೊಟ್ಟಿತು. ಸಿಂಧುದುರ್ಗದಲ್ಲಿ ಗೋಡಂಬಿ ಘಟಕವನ್ನೂ ನಡೆಸಿತು. ಸ್ವತಃ ಗಾಲಿಕುರ್ಚಿಯಲ್ಲಿರುವ ಅವರಿಗೆ ಅದನ್ನು ತಿರುಗಿಸಲು ಎಷ್ಟು ಜಾಗ ಬೇಕೆಂದು ಎಂಜಿನಿಯರು ಹೇಳಿಕೊಡಬೇಕಿರಲಿಲ್ಲ. ಅನುಭವಿಸುವವರೇ ನಡೆಸುವವರಾದ್ದರಿಂದ ಬಂದ ಗುಣ ಅದು. ಬುದ್ಧಿಮಾಂದ್ಯರ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಡಾಕ್ಟರು, ವಕೀಲರು, ಸಕ್ಕರೆ ಕಾರ್ಖಾನೆಯ ನಿರ್ದೇಶಕರು, ಅದೃಷ್ಟವಿದ್ದರೆ ಒಬ್ಬಿಬ್ಬರು ಪಾಲಕರು ಇರುತ್ತಾರೆ. ಅಲ್ಲಿ ಉಳಿಯುವವರು ಮಾತ್ರ ಇರುವುದಿಲ್ಲ.

ಬೆಂಗಳೂರಿನ ಆಶಾ ನಿಕೇತನ 1970ರಲ್ಲಿ ಬೇರೆ ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ ಜ್ಯಾನ್ ವಾನಿಯೇ 1964ರಲ್ಲಿ ಬುದ್ಧಿಮಾಂದ್ಯರಿಗಾಗಿ ಆರಂಭಿಸಿದ ಲಾರ್ಷ್‌ನ ಭಾರತದ ಮೊದಲ ಮನೆ ಅದು. ನೋಡಿಕೊಳ್ಳುವವರೂ ಅಲ್ಲೇ ಉಳಿದು ಒಂದೇ ಮೇಜಿನಲ್ಲಿ ಉಣ್ಣುವುದು ಅದರ ರೀತಿ. ವಸತಿಯ ಗುಣದ ಪ್ರಶ್ನೆಗೆ ನಾನು ಬಲ್ಲ ಉತ್ತರಗಳಲ್ಲಿ ಇದು ಮೇಲು. ಆದರೆ ವಾನಿಯೇ ತೀರಿಕೊಂಡ ಮರುವರ್ಷ, 2020ರಲ್ಲಿ, ಅವರು ಹಲವು ಹೆಂಗಸರನ್ನು ಲೈಂಗಿಕವಾಗಿ ಶೋಷಿಸಿದ್ದನ್ನು ಲಾರ್ಷ್ ತಾನೇ ತನಿಖೆ ಮಾಡಿಸಿ ಪ್ರಕಟಿಸಿತು. ಆ ಹೆಂಗಸರು ಅಂಗವಿಕಲರಾಗಿರಲಿಲ್ಲ. ಆದರೂ ಸಂತನೆಂದು ಕೈಮುಗಿಸಿಕೊಂಡವರ ಸಂಸ್ಥೆಗೂ ಹೊರಗಿನ ಕಣ್ಣು ಬೇಕು ಎಂಬುದು ಸಾಬೀತಾಯಿತು. ನಮ್ಮಲ್ಲಿ ಎಷ್ಟು ಸಂಸ್ಥೆಗಳು ತಮ್ಮ ಸ್ಥಾಪಕರ ಬಗ್ಗೆ ಇಂಥದೊಂದು ವರದಿ ಅಚ್ಚು ಹಾಕಿಸಿಯಾವು?

ಹದಿನೆಂಟು ತುಂಬಿದವರ ಮಾತು ಇನ್ನೂ ಕಠಿಣ. ಶಾಲೆಯ ವಯಸ್ಸು ಮುಗಿದರೆ ವಸತಿಶಾಲೆಯ ಋಣವೂ ಮುಗಿಯುತ್ತದೆ. ಗಂಟುಮೂಟೆ ಸಮೇತ ಊರಿಗೆ ಮರಳಿದವರು ಕಲಿತದ್ದನ್ನು ಬೇಗ ಮರೆಯುತ್ತಾರೆ, ಅವ್ವ-ಅಪ್ಪನಿಗೆ ವಯಸ್ಸಾಗಿರುತ್ತದೆ. ವಯಸ್ಕರ ಶಾಶ್ವತ ವಸತಿಗೆಂದು ಕೇಂದ್ರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) 'ಘರೌಂದಾ' ಯೋಜನೆಯಿದೆ. ಆಜರಾದ ಪಾಲಕರಿಗೆ ಅದು ದೂರದ ಮಾತು. ಗಡಹಿಂಗ್ಲಜದಂಥ ಪೇಟೆಯಲ್ಲಿ ಐದಾರು ಮಂದಿ ಉಳಿಯುವ ಬಾಡಿಗೆ ಮನೆ, ಎರಡೂ ಭಾಷೆ ಬಲ್ಲ ಇಬ್ಬರು ಹೆಂಗಸರು, ಸಂತೆಗೆ ಹೋಗಿಬರುವಷ್ಟು ಸ್ವಾತಂತ್ರ್ಯ: ಇನ್ನೂರು ಮಂಚದ ಭವನಕ್ಕೆ ಕೈಬಿಚ್ಚುವ ದಾನಿಗಳಿಗೆ ಇದು ಕಾಣುವುದಿಲ್ಲ, ಫಲಕ ಹಾಕಲು ದೊಡ್ಡ ಗೋಡೆ ಇರುವುದಿಲ್ಲವಲ್ಲ.

ಪಾಲಕರ ನಂತರ ಯಾರು ಎಂಬುದನ್ನು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಮಟ್ಟದ ಸ್ಥಳೀಯ ಸಮಿತಿ ತೀರ್ಮಾನಿಸುತ್ತದೆ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯವರು, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇರಬೇಕು. ಆ ಮೂರನೆಯ ಕುರ್ಚಿಯಲ್ಲಿ ಬುದ್ಧಿಮಾಂದ್ಯರೊಬ್ಬರು ಕೂರಬಾರದು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ.