ಗೇಟಿನ ಪಕ್ಕದ ಕೇಪಳ

ಉಡುಪಿ, ಮಣಿಪಾಲದ ಕಡೆ ಮನೆ ಮಾರುವ ಮಾತು ಶುರುವಾಗುವುದು ಸೆಂಟ್ಸ್ ಲೆಕ್ಕದಿಂದ. ಆಮೇಲೆ ರಸ್ತೆ, ಬಾವಿ ನೀರು. ಗಿಡಕ್ಕೆಂದು ಯಾರೂ ಬೇರೆ ದುಡ್ಡು ಕೊಡುವುದಿಲ್ಲ. ಆದರೂ ಕಂಪೌಂಡಿನ ಉದ್ದಕ್ಕೂ ಕೇಪಳ ಒತ್ತಾಗಿ ಬೆಳೆದಿದ್ದರೆ, ನೋಡಲು ಬಂದವರಿಗೆ ಒಳಗೆ ಕಾಲಿಡುವ ಮೊದಲೇ ಮನೆ ಹಿಡಿಸಿರುತ್ತದೆ. ಚೌಕಾಶಿಯ ದನಿಯೂ ತುಸು ಮೆತ್ತಗಾಗುತ್ತದೆ.

ಕೇಪಳ ನಮ್ಮ ನೆಲದ್ದೇ ಗಿಡ. ಕಾರ್ಕಳದ ಗುಡ್ಡಗಳಲ್ಲಿ ಯಾರ ಹಂಗಿಲ್ಲದೆ ಬೆಳೆಯುತ್ತದೆ. ಹುಳಿಗುಣದ ಮುರಕಲ್ಲು ಮಣ್ಣು ಅದಕ್ಕೆ ಹಿತ. ದಪ್ಪ ಹೊಳಪಿನ ಎಲೆ ಜೋಡಿಜೋಡಿಯಾಗಿ, ಚಿಗುರ ತುದಿಯಲ್ಲಿ ನಾಲ್ಕೆಸಳಿನ ಕೆಂಪು ಹೂಗಳ ಗೊಂಚಲು. ಕೊಳವೆಯಂಥ ಹೂ ಎಳೆದು ಜೇನು ಚೀಪದ ಮಕ್ಕಳು ನಮ್ಮೂರಲ್ಲಿ ಕಡಿಮೆ. ದೈವಕ್ಕೂ ಇದೇ ಹೂ.

ಬೇರೂರಿದ ಮೇಲೆ ಬೇಸಿಗೆಯಲ್ಲಿ ಆಗಾಗ ನೀರು, ಹೂ ಮುಗಿದಾಗ ಒಂದು ಕತ್ತರಿ, ಬುಡಕ್ಕೆ ಸೆಗಣಿ ಗೊಬ್ಬರ ಸಾಕು. ಹೊಸ ಸಿಮೆಂಟು ಗೋಡೆಗೆ ಅಂಟಿಸಿ ಮಾತ್ರ ನೆಡಬಾರದು, ಸುಣ್ಣದಂಶಕ್ಕೆ ಎಲೆ ಹಳದಿಯಾಗುತ್ತದೆ. ಕಾಪುವಿನ ಕಡಲಂಚಿನಲ್ಲಾದರೆ ಉಪ್ಪುಗಾಳಿಗೆ ಮರೆ ಬೇಕು.

ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸುವ ಮುಂಚೆ ಗೋಡೆಯ ಪಕ್ಕ ಎರಡಡಿ ಮಣ್ಣು ಬಿಡಿ. ಈ ಮಳೆಗಾಲದಲ್ಲೇ ಕೇಪಳ ನೆಡಿ.