ಎರೆ ಸೀಮೆಯ ಸವಾರರು ಘಟ್ಟ ಹತ್ತಿದಾಗ

ಕುರ್ತಕೋಟಿಯ ಸುತ್ತಿನ ರಸ್ತೆಗಳಲ್ಲಿ ಬೈಕಿನ ಮುಂದೆ ಕಣ್ಣು ಹರಿಯುವಷ್ಟು ದೂರ ದಾರಿ ಕಾಣುತ್ತದೆ. ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆ ಹೊಲಗಳ ನಡುವೆ ಅದು ಬಹುಮಟ್ಟಿಗೆ ನೆಟ್ಟಗೆ ಸಾಗುತ್ತದೆ. ಎದುರು ಬರುವ ಟ್ರ್ಯಾಕ್ಟರ್ ದೂರದಿಂದಲೇ ಗೊತ್ತಾಗುತ್ತದೆ. ಈ ಬಯಲಿನಲ್ಲಿ ಗಾಡಿ ಕಲಿತವನ ಕೈಗೆ ಎಕ್ಸಲೇಟರ್ ಬೇಗ ಒಗ್ಗುತ್ತದೆ, ಬ್ರೇಕು ತಡವಾಗಿ ಒಗ್ಗುತ್ತದೆ. ಮುಂದೇನಿದೆ ಎಂದು ಕಾಣದ ರಸ್ತೆಯಲ್ಲಿ ಹೋಗುವ ಪ್ರಸಂಗವೇ ಅವನಿಗೆ ಕಡಿಮೆ. ಮಳೆಗಾಲದ ಭಾನುವಾರಗಳಲ್ಲಿ ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಇಂಥ ಹುಡುಗರೇ ಗುಂಪು ಕಟ್ಟಿಕೊಂಡು ಕಪ್ಪತಗುಡ್ಡ ಹತ್ತುತ್ತಾರೆ. ಎರಡು ದಿನ ರಜೆ ಸಿಕ್ಕರೆ ದೇವಿಮನೆ, ಅರಬೈಲು, ಚೋರ್ಲಾ, ಆಗುಂಬೆ. ಘಟ್ಟದ ಸವಾರಿ ನಮ್ಮ ಸೀಮೆಯ ಹರೆಯದವರಿಗೆ ಈಗ ಒಂದು ಕಲೆಯೇ ಆಗಿದೆ. ಕಲೆ ಎಂದಮೇಲೆ ಅದರ ಗುಣದೋಷಗಳನ್ನು ತೂಗಿ ನೋಡುವವರೂ ಬೇಕು. ಕೀರ್ತಿನಾಥ ಕುರ್ತಕೋಟಿಯವರಿಂದಾಗಿ ಈ ಊರಿನ ಹೆಸರು ಕನ್ನಡ ವಿಮರ್ಶೆಯ ಜೊತೆ ಸೇರಿಹೋಗಿದೆ. ಅಂಥಲ್ಲಿ ಕುಳಿತು ಬೈಕಿನ ಸವಾರಿಯನ್ನು ಗಂಭೀರವಾಗಿ ವಿಮರ್ಶಿಸುವುದಕ್ಕೆ ನನಗೆ ಸಂಕೋಚವಿಲ್ಲ.

ಮೊದಲು ಅದರ ಸೊಗಸನ್ನು ಹೇಳಬೇಕು. ಸುಖವಿಲ್ಲದಿದ್ದರೆ ಯಾರೂ ನಸುಕಿನ ನಾಲ್ಕು ಗಂಟೆಗೆ ಎದ್ದು ಹೊರಡುವುದಿಲ್ಲ. ತಿರುವು ಬರುವ ಮೊದಲೇ ಬ್ರೇಕು ಹಿಡಿದು, ಒಂದು ಗೇರ್ ಇಳಿಸಿ, ಕಣ್ಣನ್ನು ರಸ್ತೆ ಮರೆಯಾಗುವ ಕಡೆಗೆ ಇಟ್ಟು, ಹ್ಯಾಂಡಲ್ಲಿನ ಒಳಬದಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರೆ ಗಾಡಿ ತಾನಾಗಿ ವಾಲುತ್ತದೆ. ಎಂಜಿನ್ನಿನ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಿರುವು ಬಿಚ್ಚಿಕೊಳ್ಳುತ್ತಾ ಬಂದಂತೆ ಎಕ್ಸಲೇಟರ್ ಕೊಟ್ಟರೆ ಗಾಡಿ ಎದ್ದು ನಿಲ್ಲುತ್ತದೆ. ಇಂಥ ನಾಲ್ಕಾರು ತಿರುವು ಸಲೀಸಾಗಿ ದಾಟಿದ ಸವಾರನ ಮುಖ ನೋಡಬೇಕು. ನೆಟ್ಟನೆಯ ಹೆದ್ದಾರಿಯಲ್ಲಿ ನೂರರ ವೇಗ ಮುಟ್ಟಿದವನಿಗೆ ಈ ತೃಪ್ತಿ ಸಿಗುವುದಿಲ್ಲ. ಯಾಕೆಂದರೆ ಅಲ್ಲಿ ದುಡಿದದ್ದು ಎಂಜಿನ್ನು. ಇಲ್ಲಿ ಕಣ್ಣು, ಕೈ, ಕಾಲು, ಬುದ್ಧಿ ನಾಲ್ಕೂ ದುಡಿದಿರುತ್ತವೆ.

ಈ ಕಲೆಯನ್ನು ಅಳೆಯುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಮಾನದಂಡ. ಸವಾರನು ತನಗೆ ಕಾಣುವಷ್ಟು ರಸ್ತೆಯೊಳಗೆ, ತನ್ನ ಬದಿಯಲ್ಲೇ, ಗಾಡಿ ನಿಲ್ಲಿಸಬಲ್ಲನೇ? ನಿಲ್ಲಿಸಬಲ್ಲನಾದರೆ ಅವನು 25ರಲ್ಲಿ ಹೋಗಲಿ, 50ರಲ್ಲಿ ಹೋಗಲಿ, ಒಳ್ಳೆಯ ಸವಾರ. ನಿಲ್ಲಿಸಲಾರನಾದರೆ ಎಷ್ಟೇ ಚೆಂದಾಗಿ ವಾಲಿದರೂ ಅವನ ಸವಾರಿ ಕೆಟ್ಟದ್ದು. ಲೆಕ್ಕ ಸರಳವಾಗಿದೆ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣು ಕಂಡದ್ದು ಕೈಗೆ ಮುಟ್ಟುವುದಕ್ಕೆ ಒಂದು ಸೆಕೆಂಡು ಹಿಡಿಯಿರಿ. ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕು ಹಿಡಿದರೂ ನಿಲ್ಲುವಷ್ಟರಲ್ಲಿ ಇನ್ನೊಂದು ಹತ್ತು ಮೀಟರ್ ಮುಗಿದಿರುತ್ತದೆ. ಅಲ್ಲಿಗೆ ಇಪ್ಪತ್ತು ಮೀಟರ್ ದಾಟಿತು. ವೇಗ 60 ಆದರೆ ಇದೇ ಲೆಕ್ಕ 40 ಮೀಟರಿಗೆ ಹೋಗುತ್ತದೆ. ಘಟ್ಟದ ಎಡತಿರುವಿನಲ್ಲಿ, ಒಂದು ಪಕ್ಕ ಬಂಡೆ, ಅದರ ಮೇಲೆ ಲಂಟಾನಾ ಬೆಳೆದು ಬಾಗಿರುವಲ್ಲಿ, ಇಪ್ಪತ್ತು ಮೀಟರ್ ಕಂಡರೆ ಅದೇ ಹೆಚ್ಚು.

ವಾಲುವುದರ ಲೆಕ್ಕ ಇನ್ನೂ ಕಟ್ಟುನಿಟ್ಟು. 15 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವನ್ನು 30ರ ವೇಗದಲ್ಲಿ ದಾಟಲು ಗಾಡಿ ಸುಮಾರು 25 ಡಿಗ್ರಿ ವಾಲಿದರೆ ಸಾಕು. ಅದೇ ತಿರುವಿಗೆ 40ರಲ್ಲಿ ಬಂದರೆ 40 ಡಿಗ್ರಿ ಬೇಕು. ವೇಗ ಏರಿದ್ದು ಬರೀ ಹತ್ತು, ಟೈರು ತಡೆಯಬೇಕಾದ ಒತ್ತಡ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಮಳೆಗೆ ನೆನೆದ, ಪಾಚಿ ಹಿಡಿದ ಡಾಂಬರು ಅದನ್ನು ತಡೆಯಲಾರದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ 'ಈಗೇನು ಜಾರೂದಿಲ್ಲ ಬಿಡೋ' ಎನ್ನುವ ಧೈರ್ಯ ಹುಡುಗರಲ್ಲಿ ಬಂದಿದೆ. ಎಬಿಎಸ್ ಒಳ್ಳೆಯದೇ. ಆದರೆ ಸಾಮಾನ್ಯ ಎಬಿಎಸ್ ಗಾಲಿ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ವಾಲಿದ ಗಾಡಿ ಅಡ್ಡಡ್ಡ ಜಾರುವಾಗ ಅದು ಕೈ ಹಿಡಿಯುವುದಿಲ್ಲ.

ಈ ತಿರುವುಗಳನ್ನು ಯಾರಿಗಾಗಿ ತಿರುಗಿಸಿದರು ಎನ್ನುವುದನ್ನು ಎರೆ ಸೀಮೆಯವರಾದ ನಾವು ಮರೆಯಬಾರದು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ಕಟ್ಟಿಹೋದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಹೊಲಗಳ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಆ ಹತ್ತಿಯನ್ನು ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಕರೆಯುತ್ತಿದ್ದರು. ಬೆಳೆದ ನೆಲದ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಸಾಗಾಟವೂ ಒಂದು ಕಾರಣ. 1880ರ ದಶಕದಲ್ಲಿ ಗದಗಿಗೆ ರೈಲು ಬಂದ ಮೇಲೆ ಚಕ್ಕಡಿಗಳ ಸಾಲು ಕರಗಿತು, ರಸ್ತೆ ಉಳಿಯಿತು. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಹಳೆಯ ತಿರುವುಗಳು ಎತ್ತಿನ ಉಸಿರಿಗೆ ತಕ್ಕಂತೆ ಬಿದ್ದವು: ಹತ್ತಿಯ ಅಂಡಗಿ ಹೇರಿದ ಚಕ್ಕಡಿಯನ್ನು ಎತ್ತು ಎಷ್ಟು ಕಡಿದಾದ ಏರಿನಲ್ಲಿ ಎಳೆದೀತು, ಇಳಿಜಾರಿನಲ್ಲಿ ಎಷ್ಟು ತಡೆದೀತು ಎಂಬುದೇ ಅಲ್ಲಿ ಅಳತೆ. ಈಗ ಅದು ರಾಷ್ಟ್ರೀಯ ಹೆದ್ದಾರಿಯಾಗಿ ಅಗಲವಾಗುತ್ತಿದೆ. ಆದರೂ ನಡಿಗೆಯ ವೇಗಕ್ಕೆ ಹಾಕಿದ ಮೂಲ ತಿರುವಿಗೆ ನುಣುಪು ಡಾಂಬರು ಹೊದಿಸಿದ ಮಾತ್ರಕ್ಕೆ ಅದು ರೇಸಿನ ಟ್ರ್ಯಾಕ್ ಆಗುವುದಿಲ್ಲ.

ರೇಸಿನ ಟ್ರ್ಯಾಕ್ ಎಂದೆ. ಇವತ್ತಿನ ಘಟ್ಟದ ಸವಾರಿಯ ಬಹು ದೊಡ್ಡ ದೋಷ ಇಲ್ಲೇ ಇದೆ. ಮೊಬೈಲಿನಲ್ಲಿ ನೋಡಿ ಕಲಿತ ಪಾಠವೊಂದು ನಮ್ಮ ಹುಡುಗರ ತಲೆಯಲ್ಲಿ ಕೂತುಬಿಟ್ಟಿದೆ: ತಿರುವಿಗೆ ಹೊರಗಿನ ಅಂಚಿನಿಂದ ನುಗ್ಗು, ಒಳ ಅಂಚನ್ನು ಸವರು, ಮತ್ತೆ ಹೊರ ಅಂಚಿಗೆ ಹೋಗು. ಒಂದೇ ದಿಕ್ಕಿನಲ್ಲಿ ಓಡುವ ಟ್ರ್ಯಾಕಿನಲ್ಲಿ ಇದು ಸರಿ. ಎರಡು ಕಡೆಯಿಂದಲೂ ಗಾಡಿ ಬರುವ ಘಟ್ಟದಲ್ಲಿ, ರಸ್ತೆಯ ಪೂರ್ತಿ ಅಗಲವನ್ನು ಬಳಸುವುದೆಂದರೆ ಎದುರಿನವನ ಪಾಲನ್ನು ಕಸಿದುಕೊಳ್ಳುವುದು. ಬಲತಿರುವಿನಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪು ನಡೆಯುತ್ತದೆ. ಸವಾರನ ಗಾಲಿಗಳು ನಡುಗೆರೆಯ ಎಡಕ್ಕೇ ಇರುತ್ತವೆ, ತಾನು ನಿಯಮದಂತೆಯೇ ಹೋಗುತ್ತಿದ್ದೇನೆ ಎಂದು ಅವನು ನಂಬಿರುತ್ತಾನೆ. ಆದರೆ ಗಾಡಿ ಬಲಕ್ಕೆ ವಾಲಿದಾಗ ಅವನ ತಲೆ, ಭುಜಗಳು ಗೆರೆಯ ಆಚೆಗೆ ಚಾಚಿರುತ್ತವೆ. ಎದುರಿನಿಂದ ಸಾರಿಗೆ ಬಸ್ಸು ಬಂದರೆ ಅದರ ಮೂಗು ಬರುವುದು ಸರಿಯಾಗಿ ಅದೇ ಜಾಗಕ್ಕೆ. ಅಷ್ಟು ಉದ್ದದ ಬಸ್ಸು ಹೇರ್‌ಪಿನ್ ತಿರುವಿನಲ್ಲಿ ರಸ್ತೆಯನ್ನೆಲ್ಲಾ ಆವರಿಸದೆ ತಿರುಗಲಾರದು. ಆಗ ತಪ್ಪು ಚಾಲಕನದಲ್ಲ. ಬಲತಿರುವಿನಲ್ಲಿ ಗಾಲಿಗಳನ್ನು ಎಡ ಅಂಚಿನ ಹತ್ತಿರ ಇಟ್ಟುಕೊಂಡವನಿಗೆ ತಿರುವಿನಾಚೆಯೂ ಹೆಚ್ಚು ಕಾಣುತ್ತದೆ, ತಲೆಯೂ ತನ್ನ ಪಾಲಿನಲ್ಲೇ ಇರುತ್ತದೆ. ಈ ಒಂದು ಅಭ್ಯಾಸದಿಂದಲೇ ಸವಾರನ ಯೋಗ್ಯತೆ ಗುರುತಿಸಬಹುದು.

ಜಗತ್ತಿನ ಹೆಸರಾಂತ ತಿರುವುಗಳ ರಸ್ತೆ ಅಮೆರಿಕದ ಟೆನೆಸಿ ಮತ್ತು ಉತ್ತರ ಕೆರೊಲೈನಾ ರಾಜ್ಯಗಳ ಗಡಿಯಲ್ಲಿದೆ. 'ಟೇಲ್ ಆಫ್ ದಿ ಡ್ರ್ಯಾಗನ್' ಎಂದು ಅದರ ಹೆಸರು. 11 ಮೈಲಿಗೆ 318 ತಿರುವುಗಳೆಂದು ಅಲ್ಲಿಯವರು ಹೆಮ್ಮೆಯಿಂದ ಎಣಿಸುತ್ತಾರೆ. ತಿರುವುಗಳಲ್ಲಿ ಫೋಟೋಗ್ರಾಫರುಗಳು ಕುಳಿತು ಸವಾರರ ಚಿತ್ರ ತೆಗೆದು ಮಾರುತ್ತಾರೆ. ಬೈಕ್ ಓಡಿಸುವುದಕ್ಕೆಂದೇ ಜನ ಅಲ್ಲಿಗೆ ಹೋಗುತ್ತಾರೆ. ನಮ್ಮ ಘಟ್ಟಗಳು ಹಾಗಲ್ಲ. ಆಗುಂಬೆಯ 14 ತಿರುವುಗಳಲ್ಲಿ ಮಣಿಪಾಲದ ಆಸ್ಪತ್ರೆಗೆ ಹೊರಟ ರೋಗಿ ಇರುತ್ತಾನೆ, ಮಂಗಗಳಿರುತ್ತವೆ, ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಸೂರ್ಯಾಸ್ತ ನೋಡುವವರಿರುತ್ತಾರೆ. ಅರಬೈಲಿನಲ್ಲಿ ಹಗಲಿರುಳು ಲಾರಿಗಳು ಏರುತ್ತವೆ; ಅವು ಚೆಲ್ಲಿದ ಡೀಸೆಲ್ ಮಳೆನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದಲ್ಲಿ ಹರಡಿರುತ್ತದೆ. ಆ ಬಣ್ಣ ಕಂಡಲ್ಲಿ ಗಾಡಿಯನ್ನು ನೆಟ್ಟಗೆ ಮಾಡಿಕೊಂಡು ದಾಟುವವನು ಬಲ್ಲವನು.

ಇಳಿಯುವಾಗಿನ ಮಾತು ಬೇರೆ. ನಮ್ಮ ಹಳ್ಳಿಗಳಲ್ಲಿ ಇಳಿಜಾರು ಬಂದರೆ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಳಿ ಇದೆ. ಕಾಲುವೆಯ ಏರಿಯಿಂದ ಇಳಿಯುವಾಗ ಅದರಿಂದ ಏನೂ ಆಗಲಿಕ್ಕಿಲ್ಲ. ಘಟ್ಟದಲ್ಲಿ ಮಾತ್ರ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ ಬಿದ್ದು, ಡ್ರಮ್ ಕಾದು, ಹಿಡಿತವೇ ಸಡಿಲವಾಗುತ್ತದೆ. ಏರಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್ ಎನ್ನುವ ಲಾರಿ ಚಾಲಕರ ಹಳೆಯ ಪಾಠ ಬೈಕಿಗೂ ಸರಿಹೊಂದುತ್ತದೆ. ಆರ್‌ಎಕ್ಸ್ 100 ಇಟ್ಟುಕೊಂಡ ಅಭಿಮಾನಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಗಾಡಿ ಏರುವುದರಲ್ಲಿ ಜಾಣ, ನಿಜ. ಟೂ ಸ್ಟ್ರೋಕ್ ಎಂಜಿನ್ನು ಇಳಿಯುವಾಗ ತಡೆಯುವುದು ಕಡಿಮೆ, ಆದ್ದರಿಂದ ಅದರ ಸವಾರ ಇನ್ನೂ ನಿಧಾನವಾಗಿ ಇಳಿಯಬೇಕು.

ಇನ್ನು ನಮ್ಮದೇ ಕಪ್ಪತಗುಡ್ಡ. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಹಬ್ಬಿದ ಈ ಸಾಲು ಸಹ್ಯಾದ್ರಿಯ ಎತ್ತರದ್ದಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಮೋಡ ಮುಟ್ಟುವ ಗುಡ್ಡ ಇದು, ಅದಕ್ಕೇ ನಮಗೆ ಇಷ್ಟು ಪ್ರೀತಿ. ಡೋಣಿಯ ಕಡೆಯಿಂದ ಕಪ್ಪತ ಮಲ್ಲೇಶ್ವರನ ಗುಡಿಗೆ ಏರುವಾಗ, ಗಾಳಿಗುಂಡಿಯ ಮೇಲಿನಿಂದ ಗಾಳಿಯಂತ್ರಗಳನ್ನೂ ಕೆಳಗಿನ ಎರೆ ಹೊಲಗಳ ಚೌಕಗಳನ್ನೂ ನೋಡುವಾಗ ಆಗುವ ಸಂತೋಷಕ್ಕೆ ಆಗುಂಬೆಯ ಹಂಗಿಲ್ಲ. ಆದರೆ ಇಲ್ಲಿನ ತಿರುವುಗಳ ಅಪಾಯದ ಬಗೆ ಬೇರೆ. ಕಬ್ಬಿಣದ ಅಂಶವಿರುವ ಕೆಂಪು ಕಲ್ಲಿನ ಗುಡ್ಡವಾದ್ದರಿಂದ ಪ್ರತಿ ಮಳೆಗೂ ಗರಸು ಕೊಚ್ಚಿಬಂದು ತಿರುವಿನ ಒಳಮಗ್ಗುಲಲ್ಲಿ ಕೂಡುತ್ತದೆ. ಡಾಂಬರಿನ ಮೇಲೆ ಹರಡಿದ ಆ ಉರುಟು ಹರಳುಗಳ ಮೇಲೆ ಟೈರು ನೆಲವನ್ನೇ ಮುಟ್ಟುವುದಿಲ್ಲ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. 244 ಚದರ ಕಿ.ಮೀ. ಕಾಡಿಗೆ ಈ ರಕ್ಷಣೆ ಸುಮ್ಮನೆ ಸಿಗಲಿಲ್ಲ. 2015ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಣೆಯಾಗಿ, ಮರುವರ್ಷ ಅದನ್ನು ಹಿಂದೆಗೆದುಕೊಂಡಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಮೀಸಲು ಮರಳಿ ಬಂತು. ಕತ್ತೆಕಿರುಬ, ತೋಳ, ಕೊಂಡುಕುರಿಗಳು ಉಳಿದುಕೊಂಡಿರುವ ಆ ಗುಡ್ಡದಲ್ಲಿ ಸೈಲೆನ್ಸರ್ ಬಿಚ್ಚಿಸಿ ಪಟಪಟ ಸದ್ದು ಮಾಡಿಕೊಂಡು ಏರುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಅದು ಕೆಟ್ಟ ಸವಾರಿಯೂ ಹೌದು: ಅಷ್ಟು ಸದ್ದಿನಲ್ಲಿ ತಿರುವಿನಾಚೆಯ ಹಾರ್ನ್ ಕೇಳಿಸುವುದಿಲ್ಲ. ಕಾಣದ ತಿರುವಿನಲ್ಲಿ ಅರ್ಧ ಕೆಲಸ ಕಿವಿಯದೇ.

ಎರೆ ಸೀಮೆಯವನಿಗೆ ಘಟ್ಟ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮಳೆ ಹತ್ತಿದ ಎರೆಯಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ಮೆತ್ತಿಕೊಂಡಿರುವಾಗ, ಹಿಂದೆ ಮೇವಿನ ಹೊರೆ ಕಟ್ಟಿಕೊಂಡು, ಸ್ಪ್ಲೆಂಡರ್ ಗಾಡಿಯನ್ನು ಬೀಳಿಸದೆ ಮನೆ ಮುಟ್ಟಿಸುವ ರೈತರನ್ನು ನೋಡಿ. ಹಿಂಗಾಲಿ ಜಾರಿದರೆ ಅವರು ಗಾಬರಿಯಾಗಿ ಬ್ರೇಕು ತುಳಿಯುವುದಿಲ್ಲ. ಎಕ್ಸಲೇಟರನ್ನು ಹಾಗೇ ಹಿಡಿದು, ಸೊಂಟ ಸಡಿಲ ಬಿಟ್ಟು, ಗಾಡಿ ತಾನೇ ಸರಿಹೋಗಲು ಬಿಡುತ್ತಾರೆ. ನೆಲದ ಹಿಡಿತವನ್ನು ಕುಂಡಿಯಿಂದಲೇ ಅಳೆಯುವ ಈ ವಿದ್ಯೆ ಕಪ್ಪತಗುಡ್ಡದ ಗರಸಿನ ಮೇಲೂ ಬೇಕಾದದ್ದು. ಅಪ್ಪನ ಹತ್ತಿರವೇ ಇರುವ ಈ ಕೌಶಲವನ್ನು ಮಗ ಕಡೆಗಣಿಸಿ, ಮೊಣಕಾಲು ನೆಲಕ್ಕೆ ತಾಗಿಸುವ ವಿಡಿಯೋಗಳ ಹಿಂದೆ ಬಿದ್ದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಗುಂಪಿನ ಸವಾರಿಯ ಬಗ್ಗೆ ಒಂದೇ ಮಾತು. ಎಲ್ಲರಿಗಿಂತ ಹೊಸಬನನ್ನು ಮುಂದಾಳಿನ ಬೆನ್ನಿಗೇ, ಎರಡನೆಯವನನ್ನಾಗಿ ಇಟ್ಟು, ಅವನ ವೇಗಕ್ಕೆ ಎಲ್ಲರೂ ಹೊಂದಿಕೊಳ್ಳುವ ಗುಂಪು ಒಳ್ಳೆಯದು. ಅವನನ್ನು ಕೊನೆಗೆ ಬಿಟ್ಟರೆ ಉಳಿದವರನ್ನು ಹಿಡಿಯುವ ಹಟದಲ್ಲಿ ತನ್ನ ಶಕ್ತಿ ಮೀರಿ ಓಡಿಸುತ್ತಾನೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದವರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆ ಸಂಖ್ಯೆಯೊಳಗೆ ನಮ್ಮೂರಿನ ಮಕ್ಕಳು ಸೇರಬಾರದು.

ಏರು ಇಳಿಜಾರಿನ ಸವಾರಿಯನ್ನು ಪರೀಕ್ಷಿಸಬೇಕೆಂದು ಕಾನೂನೇ ಹೇಳಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಲೈಸೆನ್ಸ್ ಪರೀಕ್ಷೆಯನ್ನು ವಿವರಿಸುವ 15ನೇ ನಿಯಮದಲ್ಲಿ, ಇಳಿಜಾರಿನಲ್ಲಿ ಬೇಗ ಕೆಳ ಗೇರಿಗೆ ಬರುವುದು, ಕಡಿದಾದ ಏರಿನಲ್ಲಿ ನಿಂತು ಹಿಂದಕ್ಕೆ ಜಾರದೆ ಮತ್ತೆ ಹೊರಡುವುದು ಎರಡೂ ಇವೆ. ಬಯಲುಸೀಮೆಯಲ್ಲಿ ಬೈಕಿನ ಪರೀಕ್ಷೆ ಎಂದರೆ ಸಾಮಾನ್ಯವಾಗಿ ಸಮತಟ್ಟಾದ ಮೈದಾನದಲ್ಲಿ ಎಂಟರ ಆಕಾರ ಹಾಕಿ, ಕಾಲು ಊರದೆ ಬರುವುದು. ಅಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಕಪ್ಪತಗುಡ್ಡದ ಬುಡದಲ್ಲಿ, ಅಭಯಾರಣ್ಯದ ಹೊರಗೆ, ವಾಹನ ಸಂಚಾರವಿಲ್ಲದ ಇನ್ನೂರು ಮೀಟರ್ ಇಳಿಜಾರು ಸಿಕ್ಕರೂ ಸಾಕು. ಗದಗಿನ ಬೈಕ್ ಗುಂಪುಗಳು ಮಳೆಗಾಲದ ಮೊದಲ ಭಾನುವಾರವನ್ನು ಅದಕ್ಕೆ ಮೀಸಲಿಡಲಿ. ಎರಡನೇ ಗೇರಿನಲ್ಲಿ ಇಳಿಯುವುದು, ಹೇಳಿದ ಗೆರೆಯೊಳಗೆ ನಿಲ್ಲುವುದು, ಏರಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಕಾಲು ಊರದೆ ಮರಳುವುದು, ಹಿಂದೊಬ್ಬರನ್ನು ಕೂರಿಸಿಕೊಂಡು ಇದನ್ನೆಲ್ಲ ಮತ್ತೊಮ್ಮೆ ಮಾಡುವುದು. ಇಷ್ಟು ಬಂದವರನ್ನು ಮುಂದಿನ ವಾರ ದೇವಿಮನೆಗೆ ಕರೆದುಕೊಂಡು ಹೋಗಬಹುದು.